ಮುಂಬಯಿ ಬಂದರಿನ ಬೆಂಕಿ

ಪ್ರತಿವರ್ಷವೂ ಏಪ್ರಿಲ್ ತಿಂಗಳಿನ ೧೪ನೆಯ ದಿನ ಭಾರತದ ಅಗ್ನಿಶಾಮಕ ಠಾಣ್ಯಗಳಲ್ಲಿ, ಕರ್ತವ್ಯದಲ್ಲಿ ಮಡಿದವರನ್ನು ನೆನೆದು ಗೌರವ ಸಲ್ಲಿಸುವ ಪದ್ಧತಿಯುಂಟು. ಆ ದಿನ ಮೊದಲ್ಗೊಂಡು ಒಂದು ವಾರದವರೆಗೆ ಶಾಲೆ, ಕಾರಖಾನೆ, ಆಸ್ಪತ್ರೆಗಳಲ್ಲಿ ಬೆಂಕಿ ಆರಿಸುವ ವಿಧಾನಗಳನ್ನು ಜನರಿಗೆ ತೋರಿಸಿಕೊಡುತ್ತಾರೆ. ಈ ಆಚರಣೆಗೆ ಮೂಲವಾದ ಸಂಗತಿಯು ನಡೆದುದು ದೂರದ ಯಾವ ಪರದೇಶದಲ್ಲಿಯೂ ಅಲ್ಲ. ಆ ಕಾಲಕ್ಕೆ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳಿಗೆ ರಾಜಧಾನಿಯಾಗಿದ್ದ ಮುಂಬಯಿಯಲ್ಲಿ, ೧೯೪೪ರಲ್ಲಿ. ಉದ್ಯೋಗವನ್ನರಸಿ ಘಟ್ಟದ ಮೇಲಿಂದಲೂ ಕರಾವಳಿಯಿಂದಲೂ ಆ ನಗರಕ್ಕೆ ಹೋಗಿ ನೆಲಸಿದ್ದ ಕನ್ನಡಿಗರು ಆಗಲೇ ಬಹು ಮಂದಿ. ಹೀಗಿದ್ದರೂ ಆ ದಿನದ ವೃತ್ತಾಂತವು ನಮ್ಮ ನಾಡಿನಲ್ಲಿ ಸಾಕಷ್ಟು ಪ್ರಚಾರಕ್ಕೆ ಬರಲಿಲ್ಲ. ಅದಕ್ಕೆ ಕಾರಣವೂ ಇದೆ, ಮುಂದೆ ತಿಳಿದುಬರುವುದು.

ಸುತ್ತಲೂ ನೀರು, ಅಡಿಯಲ್ಲಿಯೂ ನೀರು. ಅಂತಹ ಹಡಗಿಗೆ ಬೆಂಕಿಯ ಭಯವೇಕೆಂದು ದಡದಲ್ಲಿ ನಿಂತವರು ಕೇಳುವುದು ಸಹಜವೇ. ಮನೆಗೆ ಬೆಂಕಿ ಬಿದ್ದರೆ ಬೀದಿಗೆ ಓಡಬಹುದು; ನಡುಗಡಲಿನ ಹಡಗಿಗೆ ಬೀದಿಯಿಲ್ಲ, ಕೊಡ ಹಿಡಿದು ಓಡಿಬರುವ ನೆರೆಯವರೂ ಇಲ್ಲ. ಹಡಗಿನ ಒಡಲಿನಲ್ಲಿರುವ ಉಗ್ರಾಣಗಳು ಕಿಟಕಿಯಿಲ್ಲದ ಆಳವಾದ ಕೋಣೆಗಳು. ಬೆಂಕಿಯು ಅಲ್ಲಿ ಸರಕಿನ ತಳದಲ್ಲಿ ಹುಟ್ಟಿದರೆ ಮೇಲಿರುವವರಿಗೆ ಕಾಣುವುದು ಹೊಗೆ ಮಾತ್ರ. ಗೋಡೆಗಳೋ ಕಬ್ಬಿಣದವು. ಕಬ್ಬಿಣ ತಾನು ಉರಿಯದಿದ್ದರೂ ಕಾವನ್ನು ಸಾಗಿಸುತ್ತದೆ. ಒಂದು ಕೋಣೆಯಲ್ಲಿ ಬೆಂಕಿಯಿದ್ದರೆ ಗೋಡೆಯಾಚೆಯ ಬಣ್ಣ ಬೊಬ್ಬೆಯೆದ್ದು, ಅಲ್ಲಿಯ ಸರಕೂ ಹೊತ್ತಿಕೊಳ್ಳಬಹುದು. ಇನ್ನು ನೀರು ಬೇಕಾದಷ್ಟಿದ್ದರೂ, ಹಡಗಿನೊಳಕ್ಕೆ ಸುರಿದ ನೀರೆಲ್ಲವೂ ಹಡಗಿಗೆ ಹೊರೆಯೇ ಆಗುವುದು.

ನಮ್ಮ ಹಿರಿಯರು ಅಗ್ನಿಯನ್ನು ಪಂಚಭೂತಗಳಲ್ಲಿ ಒಂದಾಗಿ ಎಣಿಸಿದರು. ಬೆಂಕಿಯೆಂಬುದು ಬೇರೊಂದು ವಸ್ತುವಲ್ಲ, ಉರಿಯುವ ಪದಾರ್ಥವು ಗಾಳಿಯೊಳಗಣ ಆಮ್ಲಜನಕದೊಡನೆ ಕೂಡುವ ಕ್ರಿಯೆಯೇ ಬೆಂಕಿ ಎಂಬುದನ್ನು ೧೮ನೆಯ ಶತಮಾನದ ಕೊನೆಯ ಭಾಗದಲ್ಲಿ ಫ್ರಾನ್ಸಿನ ಲವಾಸಿಯೆ ಎಂಬ ಪಂಡಿತನು ಸ್ಥಾಪಿಸಿದನು. ಈ ಕ್ರಿಯೆಗೆ ಉರುವಲು, ಆಮ್ಲಜನಕ, ಕಾವು ಎಂಬ ಮೂರೂ ಒಟ್ಟಿಗೆ ಬೇಕು; ಒಂದನ್ನು ತಪ್ಪಿಸಿದರೂ ಬೆಂಕಿ ನಂದುವುದು. ಶಾಸ್ತ್ರವನ್ನೋದದ ಗೃಹಿಣಿಯೂ ಇದನ್ನು ಒಲೆಯ ಮುಂದೆ ದಿನವೂ ನಡೆಸುತ್ತಿದ್ದಳು: ಕೊಳ್ಳಿಯನ್ನು ಹೊರಕ್ಕೆ ಎಳೆಯುವುದು ಉರುವಲನ್ನು ತಪ್ಪಿಸುವುದು, ಕೆಂಡದ ಮೇಲೆ ಬೂದಿ ಮುಚ್ಚುವುದು ಗಾಳಿಯನ್ನು ತಡೆಯುವುದು, ನೀರು ಚಿಮುಕಿಸುವುದು ಕಾವನ್ನು ಕಳೆಯುವುದು. ಆದರೆ ರಾತ್ರಿ ಬೂದಿ ಮುಚ್ಚಿದ ಕೆಂಡವನ್ನೇ ಬೆಳಿಗ್ಗೆ ಊದಿ ಆಕೆ ಮತ್ತೆ ಉರಿ ಮಾಡಿಕೊಳ್ಳುತ್ತಿದ್ದಳೆಂಬುದನ್ನೂ ಮರೆಯಬಾರದು. ಗಾಳಿ ಕಡಮೆಯಾದ ಮಾತ್ರಕ್ಕೆ ಬೆಂಕಿ ಸತ್ತಿತೆಂದು ಹೇಳುವಂತಿಲ್ಲ, ಅದು ಮಲಗಿರಬಹುದು.

ಅರಳೆಯ ಅಂಡಿಗೆಯಲ್ಲಿ ಬೆಂಕಿಯು ಹೀಗೆಯೇ ಮಲಗುತ್ತದೆ. ಯಂತ್ರದಿಂದ ಎಷ್ಟೇ ಬಿಗಿಯಾಗಿ ಅದುಮಿದರೂ ಎಳೆಎಳೆಯ ನಡುವೆ ಸ್ವಲ್ಪ ಗಾಳಿ ಉಳಿದೇ ಇರುವುದು. ಒಂದು ಕಿಡಿ ಒಳಹೊಕ್ಕರೆ ಜ್ವಾಲೆಯೇಳದೆ, ಒಳಗೊಳಗೇ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಕನಲುತ್ತಿರುವುದು. ಮೇಲೆ ಹೊಯ್ದ ನೀರು ಮೈಯನ್ನಷ್ಟೇ ತೋಯಿಸಿ ಹರಿದುಹೋಗುವುದು. ಹುಬ್ಬಳ್ಳಿ, ಗದಗುಗಳ ಅರಳೆಯ ವ್ಯಾಪಾರಿಗಳಿಗೆ ಈ ಮಾತನ್ನು ಹೇಳಿಕೊಡಬೇಕಾಗಿಲ್ಲ.

ಸಿಡಿಮದ್ದಿನ ಗುಣ ಇದಕ್ಕಿಂತಲೂ ಬೇರೆ. ಬಾಣಬಿರುಸಿನ ಮದ್ದಿನಲ್ಲಿ ಇದ್ದಿಲು, ಗಂಧಕಗಳ ಜೊತೆಗೆ ಪೆಟ್ಲುಪ್ಪನ್ನು ಬೆರಸುವುದೇಕೆಂದರೆ, ಆ ಉಪ್ಪಿನಲ್ಲಿ ಆಮ್ಲಜನಕವು ಅಡಗಿರುತ್ತದೆ. ಆದುದರಿಂದ ಮದ್ದಿಗೆ ಹೊರಗಣ ಗಾಳಿಯ ಹಂಗಿಲ್ಲ. ಮುಚ್ಚಿದ ಪೀಪಾಯಿಯಲ್ಲಿಯೂ ಅದು ಉರಿಯುವುದು. ಯುದ್ಧದ ಸಿಡಿಮದ್ದುಗಳಲ್ಲಿ ಹೆಚ್ಚಿನವು ಇದೇ ಜಾತಿಯವು. ಇವುಗಳ ಬಳಿ ಬೆಂಕಿ ಬಂದರೆ ಗಾಳಿ ತಡೆಯುವ ಉಪಾಯವು ನಿಷ್ಪ್ರಯೋಜಕ; ಬೆಂಕಿ ಅವುಗಳನ್ನು ತಾಕದ ಹಾಗೆ ನೋಡಿಕೊಳ್ಳುವುದೊಂದೇ ಉಪಾಯ. ಅರಳೆಗೆ ಒಂದು ಮದ್ದು, ಎಣ್ಣೆಗೆ ಒಂದು ಮದ್ದು, ಸಿಡಿಮದ್ದಿಗೆ ಇನ್ನೊಂದು. ರೋಗವನ್ನರಿಯದೆ ಔಷಧ ಕೊಡುವ ವೈದ್ಯನ ಪಾಡೇ ಏನು ಉರಿಯುತ್ತಿದೆಯೆಂದು ಅರಿಯದೆ ನಳಿಗೆ ಹಿಡಿಯುವವನ ಪಾಡು.

ಇರಲಿ. ಇನ್ನು ಆ ಹಡಗಿನ ವಿಚಾರಕ್ಕೆ ಬರಬಹುದು.

‘ಫೋರ್ಟ್ ಸ್ಟಿಕಿನ್’ ಎಂಬ ಈ ನೌಕೆಯನ್ನು ೧೯೪೨ರಲ್ಲಿ ಕೆನಡಾ ದೇಶದ ಪ್ರಿನ್ಸ್ ರೂಪರ್ಟ್ ಬಂದರಿನಲ್ಲಿ ಕಟ್ಟಿದ್ದರು, ೭೧೪೨ ಟನ್ನಿನದು. ಎರಡನೆಯ ಮಹಾಯುದ್ಧದ ಸರಕು ಹೊರುವುದಕ್ಕಾಗಿ ಆತುರಾತುರವಾಗಿ ನಿರ್ಮಿಸಿದ ಹಲವು ಹಡಗುಗಳಲ್ಲಿ ಅದೊಂದು. ೧೯೪೪ರ ಫೆಬ್ರುವರಿ ೨೪ರಂದು ಇಂಗ್ಲೆಂಡಿನ ಬರ್ಕನ್‌ಹೆಡ್ಡಿನಿಂದ ಹೊರಟು, ಜಿಬ್ರಾಲ್ಟರ್, ಪೋರ್ಟ್ ಸೈಯದ್ ಮಾರ್ಗವಾಗಿ ಕರಾಚಿಗೆ ಬಂದಿತು. ಒಳಗಿದ್ದ ಸರಕು ಸುಮಾರು ೧೩೯೫ ಟನ್ ಸಿಡಿಮದ್ದು, ಗುಂಡು, ಟಾರ್ಪೆಡೋ ಮುಂತಾದುವು. ಅದರಲ್ಲಿ ೨೩೮ ಟನ್ನಿನಷ್ಟು ಬಹು ಬೇಗ ಸಿಡಿಯತಕ್ಕ ವರ್ಗಕ್ಕೆ ಸೇರಿದ್ದು. ಬಿಡಿಭಾಗಗಳಾಗಿ ಪೆಟ್ಟಿಗೆಗಳಲ್ಲಿಟ್ಟ ಸ್ಪಿಟ್‌ಫೈರ್ ಯುದ್ಧವಿಮಾನಗಳೂ ಇದ್ದುವು. ಇವೆಲ್ಲದರ ಜೊತೆಗೆ, ಸುಮಾರು ೮೯೦೦೦೦ ಪೌಂಡು ಬೆಲೆಬಾಳುವ ಚಿನ್ನದ ಗಟ್ಟಿಗಳು ೩೧ ಪೆಟ್ಟಿಗೆಗಳಲ್ಲಿ!

ಕರಾಚಿಯಲ್ಲಿ ಸ್ವಲ್ಪ ಸರಕು ಇಳಿದು ಸ್ಥಳ ಖಾಲಿಯಾಯಿತು. ಯುದ್ಧದ ಕಾಲ, ಹಡಗಿನ ಒಂದು ಮೊಳ ಜಾಗವನ್ನಾದರೂ ಬರಿದಾಗಿ ಒಯ್ಯುವುದು ಅಪರಾಧವೆಂಬ ಭಾವನೆ. ಅಲ್ಲಿ ಎಂಟು ಸಾವಿರಕ್ಕೂ ಮೇಲ್ಪಟ್ಟು ಅರಳೆಯ ಅಂಡಿಗೆಗಳು, ಎಣ್ಣೆಯ ಪೀಪಾಯಿಗಳು, ಮರ, ಹಳೆಯ ಕಬ್ಬಿಣ, ಮೀನಿನ ಗೊಬ್ಬರ ಎಲ್ಲವನ್ನೂ ತುಂಬಿದರು. ಎರಡನೆಯ ಉಗ್ರಾಣದಲ್ಲಿ ತಳಕ್ಕೆ ಅರಳೆ. ಅದರ ಮೇಲಣ ಅಂತಸ್ತಿನಲ್ಲಿ ಸಿಡಿಮದ್ದು. ಒಲೆಯ ಮೇಲೆ ಪಾತ್ರೆಯನ್ನಿಡುವ ಕ್ರಮ ಇದು. ಹಡಗಿನ ಅಧಿಕಾರಿಗಳಿಗೆ ಈ ಜೋಡಣೆ ಸರಿಕಾಣದಿದ್ದರೂ ಯುದ್ಧಕಾಲದ ಅಗತ್ಯದ ಮುಂದೆ ಅವರ ಮಾತು ನಡೆಯಲಿಲ್ಲ.

ಏಪ್ರಿಲ್ ೧೨ರಂದು ಹಡಗು ಮುಂಬಯಿಯನ್ನು ಸೇರಿ ವಿಕ್ಟೋರಿಯಾ ಡಾಕಿನ ಒಂದನೆಯ ಕಟ್ಟೆಗೆ ಬಂದು ನಿಂತಿತು. ಅಪಾಯದ ಸರಕು ತುಂಬಿದ ಹಡಗು ಕೆಂಪು ಬಾವುಟವನ್ನೇರಿಸಿ ನೆರೆಯ ಹಡಗುಗಳನ್ನು ಎಚ್ಚರಿಸುವುದು ಬಂದರುಗಳ ಹಳೆಯ ವಾಡಿಕೆ. ಆ ಬಾವುಟ ಏರಲಿಲ್ಲ. ಸಿಡಿಮದ್ದನ್ನು ಮೊದಲು ಇಳಿಸಬೇಕಾಗಿದ್ದುದೂ ತಡವಾಯಿತು. ಎಣ್ಣೆ ಸೋರುತ್ತಿದ್ದ ಪೀಪಾಯಿಗಳು, ಗೊಬ್ಬರ, ಮರ ಇವೇ ಮೊದಲು ಹೊರಬಿದ್ದುವು. ಇದೇ ಹೊತ್ತಿನಲ್ಲಿ ದುರಸ್ತಿಗೆಂದು ಯಂತ್ರದ ಭಾಗಗಳನ್ನು ಬಿಚ್ಚಿದ್ದರಿಂದ ಹಡಗಿಗೆ ತನ್ನ ಬಲದಿಂದ ಕದಲುವ ಶಕ್ತಿಯೂ ಇರಲಿಲ್ಲ. ಹೀಗೆ ಎರಡು ದಿನಗಳು ಕಳೆದುವು.

೧೪ನೆಯ ತಾರೀಖು ಶುಕ್ರವಾರ. ನಡುಹಗಲು ದಾಟಿದ ಮೇಲೆ ಹಮಾಲರು ಊಟಕ್ಕೆ ಹೋಗಿದ್ದರು. ಅಕ್ಕಪಕ್ಕದ ಹಡಗುಗಳಲ್ಲಿದ್ದ ಕೆಲವರ ಕಣ್ಣಿಗೆ ಫೋರ್ಟ್ ಸ್ಟಿಕಿನ್ನಿನ ಗಾಳಿಕೊಳವೆಯಿಂದ ಸಣ್ಣದಾಗಿ ಹೊಗೆ ಹೊರಡುತ್ತಿದ್ದುದು ಬಿದ್ದಿತು. ಅದು ತಮಗೆ ಸಂಬಂಧಿಸಿದುದಲ್ಲವೆಂದೋ, ಆ ಹಡಗಿನವರಿಗೆ ತಿಳಿದೇ ಇರಬೇಕೆಂದೋ ಅವರು ಸುಮ್ಮನಾದರು. ಹಡಗಿನಲ್ಲಿರುವುದು ಏನೆಂದು ಅವರಿಗೆ ಗೊತ್ತಿದ್ದರೆ ಸುಮ್ಮನಿರುತ್ತಿದ್ದರೆ? ಕೆಂಪು ಬಾವುಟದ ಬೆಲೆ ಇಂಥಲ್ಲಿ ಅರಿವಾಗುತ್ತದೆ. ಹಮಾಲರು ಊಟದಿಂದ ಹಿಂದಿರುಗಿ ಎರಡನೆಯ ಉಗ್ರಾಣಕ್ಕೆ ಇಳಿದಾಗ, ಅಂಡಿಗೆಗಳ ಸಂದಿನಿಂದ ಹೊಗೆ ಏಳುತ್ತಿರುವುದನ್ನು ಕಂಡು ಕೂಗಿಕೊಂಡರು. ಆಗ ಎರಡು ಗಂಟೆಯ ಸುಮಾರು.

ಡಾಕಿನಲ್ಲಿಯೇ ಕಾವಲಿದ್ದ ಅಗ್ನಿಶಾಮಕರು ಕೂಡಲೇ ನಳಿಗೆ ಹಚ್ಚಿದರು. ಸಿಡಿಮದ್ದಿನ ಹಡಗಿಗೆ ಬೆಂಕಿಯೆಂದು ತಿಳಿಸುವ ವಿಶೇಷ ಸಂದೇಶವನ್ನು ನಗರದ ದಳಕ್ಕೆ ಕೊಡಲು ಒಬ್ಬ ಸಿಪಾಯಿಯನ್ನು ಓಡಿಸಿದರು. ಅವನಿಗೆ ಸಿಕ್ಕಿದ ಟೆಲಿಫೋನಿನಲ್ಲಿ ಅಂಕಿ ತಿರುಗಿಸುವ ಚಕ್ರವೇ ಇರಲಿಲ್ಲ. ಅವನು ಹತ್ತಿರದ ಬೆಂಕಿಗಂಟೆಯ ಗಾಜನ್ನು ಒಡೆದನು. ಗಂಟೆಯೇನೋ ಬಾರಿಸಿತು, ಆದರೆ ಗಂಟೆ ಹೇಳಬಲ್ಲುದು ‘ಬೆಂಕಿ’ ಎಂಬ ಒಂದೇ ಮಾತನ್ನು. ಯಾವ ಬೆಂಕಿ, ಎಷ್ಟರ ಬೆಂಕಿ ಎಂಬುದನ್ನು ಅದು ಹೇಳದು. ಸಾಧಾರಣವಾದ ಬೆಂಕಿಗೆ ಕಳುಹಿಸುವ ವಾಡಿಕೆಯಂತೆ ಎರಡೇ ಪಂಪುಗಳು ಬಂದುವು. ಅಲ್ಲಿಯ ಪರಿಸ್ಥಿತಿಯನ್ನು ಕಣ್ಣಾರೆ ಕಂಡ ಮೇಲೆ ಮಿಕ್ಕವನ್ನು ಕರೆಸಿದರು. ದಳದ ಮುಖ್ಯಾಧಿಕಾರಿ ನಾರ್ಮನ್ ಕೂಂಬ್ಸರೂ ಬಂದರು.

ಅಂದಿನಿಂದ ಮುಂದಿನ ಎರಡು ಗಂಟೆಗಳ ಕಥೆಯೇ ಈ ದುರಂತದ ಹೃದಯ. ಧೈರ್ಯಕ್ಕೆ ಕೊರತೆಯಿರಲಿಲ್ಲ, ನೀರಿಗಂತೂ ಮೊದಲೇ ಇಲ್ಲ. ಸುಮಾರು ೯೦೦ ಟನ್ ನೀರನ್ನು ಆ ಉಗ್ರಾಣಕ್ಕೆ ಸುರಿದರು. ಹೊಗೆ ದಟ್ಟವಾಗಿ ಕವಿದಿದ್ದುದರಿಂದ ಬೆಂಕಿಯ ಮೂಲ ಎಲ್ಲಿದೆಯೆಂದು ಕಾಣಲಿಲ್ಲ. ಕಾಣದ ಶತ್ರುವಿನ ಮೇಲೆ ಮೇಲಿಂದಲೇ ನೀರು ಬಿಟ್ಟರು. ನೀರು ತುಂಬುತ್ತ ಬಂದಂತೆ ತಳದಲ್ಲಿದ್ದ ಅರಳೆ ತೇಲಿತು. ಉರಿಯುತ್ತಿದ್ದ ಅಂಡಿಗೆಗಳು ನೀರಿನೊಡನೆ ಮೇಲಕ್ಕೆ ಏರುತ್ತ, ಮೇಲಂತಸ್ತಿನ ಸಿಡಿಮದ್ದಿಗೆ ಹತ್ತಿರ ಹತ್ತಿರವಾದುವು. ಆರಿಸುವವರ ಕೈಯೇ ಬೆಂಕಿಯನ್ನು ಎತ್ತಿ ಮದ್ದಿನ ಬುಡಕ್ಕೆ ಒಯ್ಯುತ್ತಿದ್ದಿತು; ಒಯ್ಯುತ್ತಿದ್ದೇವೆಂಬ ಅರಿವು ಮಾತ್ರ ಅವರಿಗಿರಲಿಲ್ಲ.

ಹಡಗಿನ ಮಗ್ಗುಲಲ್ಲಿ ಒಂದೆಡೆ ಬಣ್ಣ ಕಾದು ಬೊಬ್ಬೆಯೇಳುತ್ತಿದ್ದುದನ್ನು ಕೆಲವರು ಗುರುತಿಸಿದರು. ಬೆಂಕಿಯ ನೆಲೆ ಅದೇ ಎಂದು ತಿಳಿಯಿತು. ಅಲ್ಲಿ ಕಬ್ಬಿಣವನ್ನು ಕೊರೆದು, ನಳಿಗೆಯನ್ನು ನೇರವಾಗಿ ಬೆಂಕಿಯ ಮೇಲೆ ಹಿಡಿಯಬೇಕೆಂದು ಗ್ಯಾಸಿನಿಂದ ಕಬ್ಬಿಣ ಕತ್ತರಿಸುವ ಉಪಕರಣವನ್ನು ತರಿಸಿದರು. ವಿಚಾರ ಸರಿಯಾದುದೇ. ಉಪಕರಣ ಕೆಲಸಮಾಡಲಿಲ್ಲ.

ಈ ನಡುವೆ ಸೈನ್ಯದ ಮದ್ದುಗುಂಡುಗಳ ಅಧಿಕಾರಿ ಓಬರ್ಸ್ಟರು ಬಂದು ಸರಕಿನ ನಕ್ಷೆಯನ್ನು ನೋಡಿದರು. ಸಿಡಿದರೆ ಡಾಕಿಗೆ ಡಾಕೇ ಹಾರಿಹೋಗುವುದೆಂದು ಹೇಳಿ, ಹಡಗನ್ನು ನಿಂತಲ್ಲಿಯೇ ಮುಳುಗಿಸುವುದು ಲೇಸೆಂದು ಸೂಚಿಸಿದರು. ಅದಕ್ಕೆ ಇದಿರುಮಾತು: ಡಾಕಿನ ನೀರು ಆಳವಿಲ್ಲ, ಹಡಗು ಕೆಲವೇ ಅಡಿ ಇಳಿದು ನೆಲಮುಟ್ಟುವುದು, ಉಗ್ರಾಣ ಮುಳುಗದು. ಬಂದರಿನ ಆಡಳಿತದ ಸ್ಯಾಡ್ಲರರ ಅಭಿಪ್ರಾಯ, ಹಡಗನ್ನು ಎಳೆದು ಹೊರಗಣ ಸಮುದ್ರಕ್ಕೆ ಒಯ್ಯಬೇಕೆಂದು. ಒಯ್ಯುವಾಗ ದಾರಿಯಲ್ಲಿಯೇ ಸಿಡಿದರೆ? ಅಗ್ನಿಶಾಮಕ ದಳದ ಮುಖ್ಯರಿಗೆ ನೀರನ್ನು ಇನ್ನೂ ಹೆಚ್ಚಿಸಿದರೆ ಬೆಂಕಿ ಹಿಡಿತಕ್ಕೆ ಬಂದೀತೆಂಬ ಆಸೆ. ಕಪ್ತಾನ ನೈಸ್ಮಿತ್ತರು ಒಬ್ಬೊಬ್ಬರ ಮಾತನ್ನೂ ಕೇಳಿದರು. ಒಂದೊಂದು ಸಲಹೆಗೂ ಒಂದೊಂದು ಆಧಾರವಿದ್ದಿತು. ಆದರೆ ‘ಹೀಗೆಯೇ ಮಾಡಿರಿ’ ಎಂದು ಎಲ್ಲರಿಗೂ ಆಜ್ಞೆಮಾಡುವ ಅಧಿಕಾರ ಅಲ್ಲಿದ್ದ ಯಾರೊಬ್ಬರಿಗೂ ಸ್ಪಷ್ಟವಾಗಿ ಇರಲಿಲ್ಲ. ಹಡಗು ಒಬ್ಬರದು, ಮದ್ದು ಇನ್ನೊಬ್ಬರದು, ಕಟ್ಟೆ ಬೇರೊಬ್ಬರದು, ಬೆಂಕಿ ಮಗುದೊಬ್ಬರದು. ಅಷ್ಟು ಮಂದಿ ತಿಳಿದವರು ಒಂದೆಡೆ ಸೇರಿಯೂ ಆ ಎರಡು ಗಂಟೆಗಳು ಹಾಗೆಯೇ ಕಳೆದುಹೋದುವು.

ಉಗ್ರಾಣದ ಬಾಯಿಯನ್ನು ಬಿಗಿಯಾಗಿ ಮುಚ್ಚಿ, ಒಳಕ್ಕೆ ಉಗಿಯನ್ನು ಬಿಟ್ಟು, ಗಾಳಿಯನ್ನು ಹೊರದೂಡುವ ಉಪಾಯವೊಂದು ಇದ್ದಿತು. ಉಗಿಯ ಹಡಗುಗಳಲ್ಲಿ ಅದು ಬಳಕೆಯಲ್ಲಿದ್ದ ವಿಧಾನ. ಅದನ್ನು ಪ್ರಯೋಗಿಸಲೇ ಇಲ್ಲ. ಉಗಿಯಿಂದ ಅರಳೆಯ ಬೆಂಕಿ ಪೂರ್ತಿಯಾಗಿ ನಂದುತ್ತಿದ್ದಿತೆಂದು ಹೇಳುವಂತಿಲ್ಲ. ಅಂಡಿಗೆಯೊಳಗಣ ಕೆಂಡದ ಹಟವನ್ನು ಮೇಲೆಯೇ ಹೇಳಿದೆ. ಆದರೆ ಬೆಂಕಿ ಮಂದವಾಗಿದ್ದರೆ ಹೊತ್ತು ದೊರೆಯುತ್ತಿದ್ದಿತು, ಅಂಡಿಗೆಗಳಂತೂ ತೇಲುತ್ತಿರಲಿಲ್ಲ. ಆ ಮಧ್ಯಾಹ್ನ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗಿದ್ದುದು ಹೊತ್ತು.

ಮೂರು ಗಂಟೆ ಐವತ್ತು ನಿಮಿಷಕ್ಕೆ ಉಗ್ರಾಣದ ಬಾಯಿಂದ ಜ್ವಾಲೆಯು ಎತ್ತರಕ್ಕೆ ನುಗ್ಗಿತು. ಹಡಗನ್ನು ಬಿಟ್ಟು ಇಳಿಯಬೇಕೆಂದು ಆಜ್ಞೆಯಾಯಿತು. ಇಳಿದ ಅಗ್ನಿಶಾಮಕರಲ್ಲಿ ಹಲವರು ಕಟ್ಟೆಯ ಮೇಲೆ ನಿಂತು ನಳಿಗೆಗಳನ್ನು ಮತ್ತೆ ಹಡಗಿನತ್ತ ತಿರುಗಿಸಿದರು. ಕಟ್ಟೆಯ ಕೆಲಸಗಾರರಲ್ಲಿ ಬಹುಮಂದಿ ಏನು ನಡೆಯುತ್ತಿದೆಯೆಂದು ನೋಡುತ್ತ ನಿಂತಿದ್ದರು. ಹಡಗಿನೊಳಗೆ ಮದ್ದಿದೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ. ನಾಲ್ಕು ಗಂಟೆ ಆರು ನಿಮಿಷಕ್ಕೆ ಹಡಗು ಸಿಡಿದು ಎರಡು ಹೋಳಾಯಿತು. ಸುಮಾರು ಅರ್ಧ ಗಂಟೆಯ ತರುವಾಯ ಹಿಂಬದಿಯ ಉಗ್ರಾಣದ ಮದ್ದೂ ಸಿಡಿಯಿತು. ಹನ್ನೆರಡು ಕಿಲೋಮೀಟರಿಗೂ ಆಚೆಯ ಮನೆಗಳ ಕಿಟಕಿಗಾಜುಗಳು ಒಡೆದುವು. ಕೊಲಾಬಾ ವೇಧಶಾಲೆಯಲ್ಲಿ ಭೂಕಂಪವನ್ನು ಗುರುತಿಸುವ ಯಂತ್ರವು ಆ ನಡುಕವನ್ನು ಬರೆದುಕೊಂಡಿತು. ಅಷ್ಟೇ ಅಲ್ಲ, ಬಹು ದೂರದ ಶಿಮ್ಲೆಯ ಯಂತ್ರವೂ ಅದನ್ನು ಕಂಡಿತು. ಬಳಿಯಲ್ಲಿಯೇ ನಿಂತಿದ್ದ ಸುಮಾರು ನಾಲ್ಕು ಸಾವಿರ ಟನ್ನಿನ ‘ಜಲಪದ್ಮ’ವೆಂಬ ಹಡಗನ್ನು ನೀರಿನ ಅಲೆಯು ಎತ್ತಿ, ಅದರ ಹಿಂಭಾಗವನ್ನು ಕಟ್ಟೆಯ ಮೇಲಣ ಮಳಿಗೆಯ ಮಾಡಿನ ಮೇಲೆ ಇರಿಸಿತು. ಕಪ್ತಾನ ನೈಸ್ಮಿತ್ತರು ಮಡಿದರು. ಅಗ್ನಿಶಾಮಕ ದಳದವರಲ್ಲಿ ಅರುವತ್ತಕ್ಕೂ ಮಿಕ್ಕು ಜನ ಹೋದರು.

ಉರಿಯುವ ಅರಳೆ, ಕಾದ ಕಬ್ಬಿಣ, ಎಣ್ಣೆ ಇವು ಮಳೆಯಂತೆ ಊರಿನ ಮೇಲೆ ಬಿದ್ದುವು. ಡಾಕಿನ ಹಿಂದಣ ಮಳಿಗೆಗಳಲ್ಲಿ ಧಾನ್ಯ ತುಂಬಿದ್ದಿತು. ಅದರಾಚೆ ಬಡವರ ಗುಡಿಸಲುಗಳು. ಬಂಗಾಳದ ಕ್ಷಾಮವು ಇನ್ನೂ ಜನರ ಕಣ್ಣಮುಂದಿದ್ದ ಕಾಲದಲ್ಲಿ ಇಲ್ಲಿ ಐವತ್ತು ಸಾವಿರ ಟನ್ನಿಗೂ ಹೆಚ್ಚಿನ ಧಾನ್ಯವು ಹಾಳಾಯಿತು. ಸುತ್ತಲಿನ ಹಡಗುಗಳಲ್ಲಿ ಹಲವು ಮುಳುಗಿದುವು, ಹಲವು ಸುಟ್ಟುವು. ಬೆಂಕಿಯನ್ನು ಹತೋಟಿಗೆ ತರಲು ಮೂರು ದಿನಗಳು ಬೇಕಾದುವು. ಎಂಬತ್ತು ಸಾವಿರ ಜನ ಮನೆಯಿಲ್ಲದವರಾದರು. ಸತ್ತವರ ಸಂಖ್ಯೆಯನ್ನು ಎಂಟುನೂರೆಂದು ಹೇಳುವವರೂ ಉಂಟು, ಸಾವಿರದ ಮುನ್ನೂರೆನ್ನುವವರೂ ಉಂಟು. ದಿನಗೂಲಿಗೆ ಬಂದ ಹಮಾಲರ ಲೆಕ್ಕ ಯಾವ ಪುಸ್ತಕದಲ್ಲಿಯೂ ಇರಲಿಲ್ಲವಾದ್ದರಿಂದ, ಈ ಅಂಕಿಗಳ ನಡುವೆ ಇಷ್ಟು ಅಂತರವಿರುವುದರಲ್ಲಿ ಆಶ್ಚರ್ಯವಿಲ್ಲ.

ಇಷ್ಟಾದರೂ ಪತ್ರಿಕೆಗಳು ಮೂಕವಾಗಿದ್ದುವು. ಯುದ್ಧಕಾಲದ ನಿರ್ಬಂಧದಿಂದಾಗಿ ಸುದ್ದಿಯನ್ನು ಹೊರಕ್ಕೆ ಕಳುಹಿಸಲು ಅಪ್ಪಣೆಯಾದುದು ಮೇ ತಿಂಗಳಿನ ಎರಡನೆಯ ವಾರದಲ್ಲಿ. ಜಪಾನಿನವರ ಕೈಯಲ್ಲಿದ್ದ ಸೈಗಾನಿನ ಆಕಾಶವಾಣಿಯು ಮಾತ್ರ ಮರುದಿನವೇ ಇದನ್ನು ಸಾರಿತು. ಮುಂಬಯಿಯಲ್ಲಿ ತಮ್ಮವರಿದ್ದ ಎಷ್ಟೋ ಮನೆಗಳು ಆ ವಾರಗಳನ್ನು ಗಾಳಿಮಾತು ಕೇಳುತ್ತಲೇ ಕಳೆದಿರಬೇಕು. ಎಂಟು ಸಾವಿರ ಜನ ಏಳು ತಿಂಗಳು ದುಡಿದು, ಸುಮಾರು ಐದು ಲಕ್ಷ ಟನ್ ಅವಶೇಷವನ್ನು ತೆಗೆದ ಮೇಲೆ ಡಾಕು ಮತ್ತೆ ಕೆಲಸಕ್ಕೆ ಬಂದಿತು.

ಸರಕಾರವು ನೇಮಿಸಿದ ವಿಚಾರಣಾ ಸಮಿತಿಯು ಅರಳೆಯಲ್ಲಿಯೇ ಬೆಂಕಿ ಹುಟ್ಟಿರಬೇಕೆಂದು ನಿರ್ಣಯಿಸಿತು. ಯಾರೋ ಸೇದಿ ಎಸೆದ ತುಂಡೊಂದರಿಂದ ಅದು ಹುಟ್ಟಿರಬಹುದೆಂಬುದು ಊಹೆ. ಜಪಾನಿನವರ ಅಥವಾ ವಿದ್ರೋಹಿಗಳ ಕೈವಾಡವೆಂದು ಆಗ ಹರಡಿದ್ದ ಮಾತಿಗೆ ಆಧಾರವು ದೊರೆಯಲಿಲ್ಲ. ಮದ್ದಿನ ಕೆಳಗೆ ಅರಳೆಯನ್ನಿಟ್ಟುದು, ಕೆಂಪು ಬಾವುಟವನ್ನೇರಿಸದಿದ್ದುದು, ಮದ್ದನ್ನು ಇಳಿಸುವುದಕ್ಕೆ ತಡಮಾಡಿದುದು, ಉಗಿಯನ್ನು ಉಪಯೋಗಿಸದಿದ್ದುದು, ನಗರದ ಅಗ್ನಿಶಾಮಕ ದಳಕ್ಕೆ ಹೊತ್ತಿಗೆ ಸರಿಯಾಗಿ ತಿಳಿಸದಿದ್ದುದು, ಇವು ಸಮಿತಿ ಎಣಿಸಿದ ತಪ್ಪುಗಳು. ಒಂದೊಂದನ್ನೇ ನೋಡಿದರೆ ಎಲ್ಲವೂ ಚಿಕ್ಕವು. ಬೀಡಿಯ ತುಂಡಿಗೆ ಒಂದು ನಗರವನ್ನು ಸುಡುವ ಶಕ್ತಿಯಿಲ್ಲ. ಆ ಶಕ್ತಿಯನ್ನು ಅದಕ್ಕೆ ಜೋಡಿಸಿಕೊಟ್ಟವರು ಎಷ್ಟೋ ಮಂದಿ ಶ್ರದ್ಧಾವಂತರಾದ ಅಧಿಕಾರಿಗಳೇ.

ಇಂತಹುದು ಮುಂಬಯಿಯಲ್ಲಿಯೇ ಮೊದಲಲ್ಲ. ೧೯೧೭ರ ಡಿಸೆಂಬರ್ ೬ರಂದು ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ‘ಮೊಂಬ್ಲಾನ್’ ಎಂಬ ಫ್ರೆಂಚ್ ಹಡಗು ಇನ್ನೊಂದು ಹಡಗಿಗೆ ತಾಗಿ, ಅಟ್ಟದ ಮೇಲಿದ್ದ ಬೆಂಜಾಲ್ ಎಣ್ಣೆಯ ಪೀಪಾಯಿಗಳು ಹೊತ್ತಿಕೊಂಡುವು. ಒಡಲ ತುಂಬ ಮದ್ದು. ವೈರಿಗೆ ಸುಳಿವು ಸಿಗಬಾರದೆಂದು ಅಲ್ಲಿಯೂ ಕೆಂಪು ಬಾವುಟವನ್ನೇರಿಸಿರಲಿಲ್ಲ. ಊರಿನವರು ಕಿಟಕಿಗಳಲ್ಲಿ ನಿಂತು ಬೆಂಕಿಯ ಬೆಡಗನ್ನು ನೋಡುತ್ತಿದ್ದರು. ಇಪ್ಪತ್ತು ನಿಮಿಷಗಳಲ್ಲಿ ಹಡಗು ಸಿಡಿದು ಸುಮಾರು ಸಾವಿರದ ಎಂಟುನೂರು ಜನ ಸತ್ತರು. ಗಾಜಿನ ಚೂರುಗಳಿಂದ ಕಣ್ಣು ಕಳೆದುಕೊಂಡವರು ಅಸಂಖ್ಯ. ನೀರೇ ಹಡಗನ್ನು ಕೊಂದ ಇನ್ನೊಂದು ದೃಷ್ಟಾಂತವೂ ಉಂಟು. ೧೯೪೨ರ ಫೆಬ್ರುವರಿ ೯ರಂದು ನ್ಯೂಯಾರ್ಕಿನಲ್ಲಿ ‘ನಾರ್ಮಂಡಿ’ ಎಂಬ ಭವ್ಯ ನೌಕೆಯನ್ನು ಸೈನಿಕರಿಗಾಗಿ ಮಾರ್ಪಡಿಸುತ್ತಿದ್ದಾಗ, ಕಬ್ಬಿಣ ಕತ್ತರಿಸುವ ಉರಿಯ ಕಿಡಿಯು ಬೂರುಗದ ಅರಳೆ ತುಂಬಿದ ತೇಲುಕವಚಗಳ ರಾಶಿಗೆ ಬಿದ್ದಿತು. ಬೆಂಕಿ ಆರಿಸಲು ಮೇಲಟ್ಟಗಳಿಗೆ ಹೊಯ್ದ ನೀರು ಒಂದೇ ಮಗ್ಗುಲಿಗೆ ಸರಿದು ನಿಂತು, ನಡುರಾತ್ರಿಯ ಮೇಲೆ ಹಡಗು ಆ ಕಡೆಗೆ ಉರುಳಿ ಮಲಗಿತು.

ಎಲ್ಲಕ್ಕಿಂತಲೂ ವಿಚಾರ ಮಾಡತಕ್ಕುದು ಮುಂಬಯಿಯ ದುರಂತವಾಗಿ ಮೂರು ವರ್ಷ ಎರಡು ದಿನಕ್ಕೆ, ೧೯೪೭ರ ಏಪ್ರಿಲ್ ೧೬ರಂದು, ಅಮೆರಿಕದ ಟೆಕ್ಸಸ್ ಸಿಟಿ ಬಂದರಿನಲ್ಲಿ ಆದುದು. ‘ಗ್ರಾಂಕಾಂ’ ಎಂಬ ಹಡಗಿನಲ್ಲಿ ಸುಮಾರು ೨೩೦೦ ಟನ್ ಅಮೋನಿಯಂ ನೈಟ್ರೇಟ್ ಎಂಬ ರಸಗೊಬ್ಬರ. ಬೆಳಿಗ್ಗೆ ಎಂಟರ ಸುಮಾರಿಗೆ ಹೊಗೆ ಕಂಡಿತು. ನೀರು ಬಿಟ್ಟರೆ ಸರಕು ಕೆಡುವುದೆಂದು ಕಪ್ತಾನನು ಉಗ್ರಾಣವನ್ನು ಮುಚ್ಚಿಸಿ ಉಗಿಯನ್ನು ಬಿಡಿಸಿದನು. ಮುಂಬಯಿಯಲ್ಲಿ ಮಾಡಬೇಕಾಗಿದ್ದುದನ್ನೇ ಮಾಡಿದನೆಂದು ಓದುಗರು ಹೇಳಬಹುದು. ಆದರೆ ಆ ಗೊಬ್ಬರವು ಪೆಟ್ಲುಪ್ಪಿನ ಬಳಗದ್ದು. ಆಮ್ಲಜನಕವು ಅದರಲ್ಲಿಯೇ ಇದೆ. ಗಾಳಿಯನ್ನು ಹೊರದೂಡಿ ಆದ ಪ್ರಯೋಜನವೇನೂ ಇಲ್ಲ. ಉಗಿಯ ಕಾವು ಸರಕನ್ನು ಇನ್ನಷ್ಟು ಕುದಿಸಿತು. ಅಲ್ಲಿ ಬೇಕಾಗಿದ್ದುದು ಮೊದಲ ಗಳಿಗೆಯಲ್ಲಿಯೇ ಧಾರಾಳವಾದ ನೀರು. ಒಂಬತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಹಡಗು ಸಿಡಿಯಿತು. ಐನೂರ ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಆ ಊರಿನ ಅಗ್ನಿಶಾಮಕ ದಳದ ಇಪ್ಪತ್ತೆಂಟು ಮಂದಿಯಲ್ಲಿ ಉಳಿದವನು ಒಬ್ಬನೇ. ಉಗಿ ಬೇಕಾದಲ್ಲಿ ನೀರು, ನೀರು ಬೇಕಾದಲ್ಲಿ ಉಗಿ: ಎರಡು ಬಂದರುಗಳ ಕಥೆಯನ್ನೂ ಒಟ್ಟಿಗೆ ಓದಿದಾಗಲೇ ಒಂದೊಂದರ ಅರ್ಥವೂ ತಿಳಿಯುವುದು.

ಹಡಗುಗಳಲ್ಲಿ ಜೀವರಕ್ಷಣೆಯ ಕುರಿತು ರಾಷ್ಟ್ರಗಳು ಮಾಡಿಕೊಂಡ ಒಪ್ಪಂದವು ೧೯೧೪ರಲ್ಲಿ ಆರಂಭವಾಗಿ ಹಲವು ಸಲ ತಿದ್ದುಪಡಿಯನ್ನು ಹೊಂದಿದೆ. ಅಪಾಯದ ಸರಕುಗಳನ್ನು ವರ್ಗಗಳಾಗಿ ವಿಂಗಡಿಸಿ, ಯಾವುದನ್ನು ಯಾವುದರ ಬಳಿ ಇಡಬಾರದೆಂದು ವಿಧಿಸುವ ಅಂತರರಾಷ್ಟ್ರೀಯ ನಿಯಮಾವಳಿಯು ೧೯೬೫ರಲ್ಲಿ ಬಂದಿತು. ೨೦೦೪ರಿಂದ ಅದರ ಪಾಲನೆ ಕಡ್ಡಾಯ. ಉಗಿಯ ಸ್ಥಾನದಲ್ಲಿ ಅಂಗಾರಾಮ್ಲವಾಯುವಿನ ಸಿಲಿಂಡರುಗಳು ಬಂದುವು. ಆದರೆ ಸರಕು ಈಗ ಮೊಹರು ಹಾಕಿದ ಉಕ್ಕಿನ ಪೆಟ್ಟಿಗೆಗಳಲ್ಲಿ ಬರುತ್ತದೆ. ಒಳಗೇನಿದೆಯೆಂಬುದು ಕಳುಹಿಸಿದವನು ಬರೆದ ಕಾಗದದಿಂದಲೇ ತಿಳಿಯಬೇಕು. ಕಾಗದ ಸುಳ್ಳಾಡಿದರೆ ನಿಯಮಾವಳಿಯೂ ಕುರುಡೇ. ೨೦೨೪ರ ಜುಲೈ ೧೯ರಂದು ನಮ್ಮ ಕಾರವಾರದಿಂದ ಸುಮಾರು ಐವತ್ತು ಸಾಗರಮೈಲು ದೂರದಲ್ಲಿ ‘ಮೇರ್ಸ್ಕ್ ಫ್ರ್ಯಾಂಕ್‌ಫರ್ಟ್’ ಎಂಬ ಪೆಟ್ಟಿಗೆ ಹಡಗಿಗೆ ಬೆಂಕಿ ಬಿದ್ದಿತು. ಅಪಾಯದ ವರ್ಗದ ಸರಕೂ ಅದರಲ್ಲಿದ್ದಿತು. ಕರಾವಳಿ ರಕ್ಷಣಾ ದಳದ ಹಡಗುಗಳು ಮಳೆಗಾಲದ ಒರಟು ಸಮುದ್ರದಲ್ಲಿ ಹಗಲಿರುಳೂ ನೀರು ಹೊಡೆದುವು. ಆಕಾಶದಿಂದ ಬೆಂಕಿ ಆರಿಸುವ ಪುಡಿಯನ್ನು ಕೆಡವಿದರು. ಫಿಲಿಪೈನ್ಸಿನ ಒಬ್ಬ ನಾವಿಕನು ತೀರಿಕೊಂಡನು. ಬೆಂಕಿಯನ್ನು ಬಗ್ಗಿಸಲು ಹಲವು ದಿನಗಳು ಹಿಡಿದುವು.

ಫೋರ್ಟ್ ಸ್ಟಿಕಿನ್ನಿನಲ್ಲಿದ್ದ ಚಿನ್ನದ ಮಾತು ಉಳಿಯಿತು. ೩೧ ಪೆಟ್ಟಿಗೆಗಳಲ್ಲಿ ೧೨೪ ಗಟ್ಟಿಗಳು. ಸಿಡಿತದ ಹೊಡೆತ ಅವನ್ನು ಊರಿನ ಮೇಲೆಲ್ಲ ಎರಚಿತು. ಒಂದು ಗಟ್ಟಿಯು ಡಾಕಿಗೆ ದೂರದಲ್ಲಿದ್ದ ಪಾರಸೀ ಗೃಹಸ್ಥರೊಬ್ಬರ ಮನೆಯ ಮಾಡನ್ನು ಭೇದಿಸಿಕೊಂಡು ಬಿದ್ದಿತು. ಅವರು ಅದನ್ನು ಸರಕಾರಕ್ಕೆ ಒಪ್ಪಿಸಿ, ಬಂದ ಬಹುಮಾನವನ್ನು ಸಂತ್ರಸ್ತರ ನಿಧಿಗೆ ಕೊಟ್ಟರು. ಮಿಕ್ಕವುಗಳಲ್ಲಿ ಹೆಚ್ಚಿನವು ಹೂಳೆತ್ತುವಾಗ ಒಂದೊಂದಾಗಿ ಸಿಕ್ಕುತ್ತ ಬಂದುವು. ೨೦೧೧ರಲ್ಲಿ, ಅರುವತ್ತೇಳು ವರ್ಷಗಳ ಬಳಿಕ, ಡಾಕಿನ ಕೆಸರಿನಿಂದ ಇನ್ನೂ ಎರಡು ಗಟ್ಟಿಗಳನ್ನು ಎತ್ತಿದರು.